ಗಿನೆಮ್ ಅಜ್ಜಿಯ ಮನೆಯಲ್ಲಿ ಮೂರನೆಯ ಸಭೆ

ನಮ್ಮ ಜಾವಾದ ಹಳ್ಳಿಗಳಲ್ಲಿ ಕೈ ಎತ್ತಿಸಿ ತಲೆ ಎಣಿಸುವ ಪದ್ಧತಿ ಇಲ್ಲ. ಎಲ್ಲರೂ ಒಪ್ಪಬೇಕು. ಒಬ್ಬರು ಒಲ್ಲೆ ಎಂದರೂ ಕೆಲಸ ನಿಂತಂತೆಯೇ. ಸಭೆ ನಡೆಸಿ ಆ ಒಪ್ಪಿಗೆಯನ್ನು ಪಡೆಯುವುದೇ ನನ್ನ ಉದ್ಯೋಗ.

ಬುಗ್ಗೆಯ ಬಳಿ ನೀರಿನ ತೊಟ್ಟಿ ಕಟ್ಟಲು ಗಿನೆಮ್ ಅಜ್ಜಿಯ ಮನೆ ಕೆಡವಬೇಕಿತ್ತು. ಊರ ಚಾವಡಿಯಲ್ಲಿ ಎರಡು ಸಲ ಸಭೆ ಸೇರಿಸಿದೆ. ಎರಡು ಸಲವೂ ಅಜ್ಜಿ ಕಂಬಕ್ಕೊರಗಿ ಕೂತು "ಒಲ್ಲೆ" ಎಂದಳು.

"ಅಷ್ಟೊಂದು ಓದಿ ಏನು ಬಂತಪ್ಪಾ? ಒಂದು ಮುದುಕಿ ಬಾಯಿ ಮುಚ್ಸೋಕಾಗ್ಲಿಲ್ಲ," ಎಂದ ಊರ ಮುಖ್ಯಸ್ಥ ತುಕಿರನ್.

"ಮುಚ್ಸೋದು ಬೇಡ ಬಿಡಿ. ಮುಂದಿನ ಸಭೆ ಅವರ ಮನೇಲೇ ಇಡೋಣ."

ಅವನು ನನ್ನನ್ನೇ ನೋಡಿದ. ಆಮೇಲೆ ಮೆಲ್ಲಗೆ ನಕ್ಕ. ಮನೆಗೆ ಬಂದವರು ಬಾಯಿಬಿಟ್ಟು ಕೇಳಿದ್ದಕ್ಕೆ ಮನೆಯವರು ಇಲ್ಲ ಎನ್ನುವುದು ನಮ್ಮಲ್ಲಿಲ್ಲ. ಮೀರಿದವರನ್ನು ನಾನು ಕಂಡಿಲ್ಲ.

ಅಜ್ಜಿ ಹಿಗ್ಗಿದಳು. "ನಮ್ಮನೆಯವರು ಹೋದ್ಮೇಲೆ ಇಲ್ಲಿ ಇಷ್ಟು ಜನ ಕೂತಿದ್ದೇ ಇಲ್ಲ ಮಗಾ." ಪಕ್ಕದ ಮನೆಯ ವಾಗಿಯೆಮಳಿಂದ ಲೋಟ ತಂದಳು, ಚಾಪೆ ಹಾಸಿದಳು, ಬಾಳೆಹಣ್ಣಿನ ಬೋಂಡಾ ಕರಿದಳು.

ಮೂವತ್ತು ಜನ ಬಂದರು. ಎಲ್ಲರ ಮುಂದೂ ಟೀ. ಮನೆಯವರು ಕುಡಿಯಿರಿ ಎನ್ನುವವರೆಗೆ ಯಾರೂ ಮುಟ್ಟುವಂತಿಲ್ಲ. ಅಜ್ಜಿ ಹಾಗೆನ್ನುವ ಮೊದಲೇ ತುಕಿರನ್ ವಿಷಯ ಎತ್ತಿದ. ಅದನ್ನೂ ನಾನೇ ಹೇಳಿಕೊಟ್ಟಿದ್ದೆ.

"ಅಜ್ಜೀ, ಊರೇ ನಿಮ್ಮನೆಗೆ ಬಂದು ಕೇಳ್ತಿದೆ. ಏನಂತೀರಿ?" ಎಂದು ಮೃದುವಾಗಿ ಕೇಳಿ ನಾನು ಸುಮ್ಮನಾದೆ.

ಮೌನವನ್ನು ಕಂಡರೆ ಜನರಿಗೆ ಭಯ. ಏನಾದರೊಂದು ಆಡಿ ಅದನ್ನು ತುಂಬುತ್ತಾರೆ. ತುಂಬದೆ ಕೂರುವುದನ್ನು ನಾನು ವರ್ಷಗಟ್ಟಲೆ ಕಲಿತಿದ್ದೇನೆ. ಮನೆಯ ಹಿಂದೆ ಬುಗ್ಗೆಯ ಸದ್ದು ಕೇಳುತ್ತಿತ್ತು. ಲೋಟಗಳ ಹಬೆ ತೆಳ್ಳಗಾಯಿತು.

"ಅಜ್ಜೀ, ಬೋಂಡಾ ಬರೀ ನೋಡೋಕಾ?" ಎಂದ ಹಿಂದೆ ಕೂತಿದ್ದ ಊರಿನ ಕಾಸ್ದಿ. ಯಾರೋ ಕಿಸಕ್ಕೆಂದರು. ಕಣ್ಣಲ್ಲೇ ತಡೆದೆ. ನಗು ಎದ್ದರೆ ಅಜ್ಜಿ ಅದರ ಮರೆಯಲ್ಲಿ ತಪ್ಪಿಸಿಕೊಳ್ಳುತ್ತಿದ್ದಳು.

ಅವಳ ತುಟಿ ಆ ಹಳೆಯ 'ಒಲ್ಲೆ'ಗಾಗಿ ತೆರೆಯಿತು. ಒಬ್ಬೊಬ್ಬರ ಮುಖ ನೋಡಿದಳು. ಎಲ್ಲರೂ ಅವಳ ಅತಿಥಿಗಳು. ಕೊನೆಗೆ ಅವಳ ಕಣ್ಣು ಲೋಟಗಳ ಮೇಲೆ ನಿಂತಿತು.

"ಟೀ ಆರ್ತಿದೆ," ಎಂದಳು. "ನಿಮ್ಮಿಷ್ಟ... ಕುಡೀರಿ."

ಮೂವತ್ತು ಕೈಗಳು ಒಟ್ಟಿಗೆ ಚಾಚಿದವು. ಆ 'ನಿಮ್ಮಿಷ್ಟ'ವನ್ನೇ ಹಿಡಿದು ಸಭೆಯ ಪುಸ್ತಕದಲ್ಲಿ 'ಎಲ್ಲರೂ ಒಪ್ಪಿದರು' ಎಂದು ಬರೆದೆ.

"ಅದು ಒಪ್ಪಿಗೆ ಅಲ್ವಲ್ಲ ತಮ್ಮಾ," ವಾಗಿಯೆಮ್ ಪಿಸುಗುಟ್ಟಿದಳು.

"ಎದ್ದು ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳಿ ಅಕ್ಕಾ," ಎಂದೆ ಗಟ್ಟಿಯಾಗಿ. ಅವಳು ತಲೆ ತಗ್ಗಿಸಿ ಟೀ ಕುಡಿದಳು.

ಜನ ಕರಗಿದ ಮೇಲೆ ಅಜ್ಜಿ ನನ್ನ ಬಳಿ ಬಂದಳು. ಬೈಯುತ್ತಾಳೆಂದುಕೊಂಡೆ.

"ಸಕ್ಕರೆ ಸಾಕಾಯ್ತಾ ಮಗಾ?"

"ಸಾಕಾಯ್ತು ಅಜ್ಜಿ."

ಲೋಟಗಳನ್ನು ತೊಳೆದು, ಒರೆಸಿ, ಬುಟ್ಟಿಗೆ ಹಾಕಿ ವಾಗಿಯೆಮಳ ಕೈಗಿತ್ತಳು.

"ನನ್ನವೂ ನಾಲ್ಕು ಸೇರ್ಸಿದೀನಿ, ಇಟ್ಕೋ. ಇನ್ನು ನಾನು ಯಾರನ್ನ ಕರೀಲಿ?"