ಬಾಗಿಲ ಮೇಲೆ ಬಂದ ಯುದ್ಧ

ನನ್ನ ಗಂಡನ ಕಣ್ಣಿಗೆ ಮಂಜು ಕವಿಯುತ್ತಿತ್ತು. ಇದೇ ತಾವು ಬಣ್ಣ ಹಚ್ಚುವ ಕೊನೆಯ ಗೋಡೆ ಎಂದು ಅವರಿಗೆ ಗೊತ್ತಿತ್ತು. ಅದೊಂದು ಇಡಿಯಾಗಿ ಉಳಿಯಲಿ ಎಂಬುದಷ್ಟೇ ಆಸೆ.

ಹಣಕಾಸು ಕಚೇರಿಯ ಉದ್ದನೆಯ ಕಾರಿಡಾರು. ದೇಶದ ಒಂದೂವರೆ ಶತಮಾನದ ಲೆಕ್ಕವೆಲ್ಲ ಅದರ ಗೋಡೆಗೆ ಬರಬೇಕು. ಸರ್ಕಾರ ಎತ್ತಿದ ತೆರಿಗೆಗೆ ನೀಲಿ ಗೆರೆ, ಮಾಡಿದ ಖರ್ಚಿಗೆ ಕೆಂಪು ಗೆರೆ, ವರ್ಷಕ್ಕೊಂದು ಗೇಣು. ನಾನು ದಾರ ಹಿಡಿಯುತ್ತಿದ್ದೆ, ಅವರು ಕುಂಚ ಎಳೆಯುತ್ತಿದ್ದರು.

ಗೆರೆಗಳ ಜೊತೆ ನಡೆಯುತ್ತಿದ್ದರೆ ಕಾಲು ನೆಲದ ಮೇಲಿದೆಯೋ ಇಲ್ಲವೋ ಎನ್ನಿಸುತ್ತಿತ್ತು. ಮೊದಮೊದಲು ಎರಡೂ ಬೇಸಿಗೆಯ ಹಳ್ಳದಂತೆ ತೆಳ್ಳಗೆ, ನೆಲಕ್ಕಂಟಿಕೊಂಡು. ಅಲ್ಲಿ ಯಾರದೋ ಅಜ್ಜಿಯರು ಉಪ್ಪಿಗೂ ಸುಂಕ ತೆತ್ತು, ರಸ್ತೆಯಿಲ್ಲದ ಕಡೆ ನಡೆಯುತ್ತಿದ್ದರು. ಮುಂದೆ ರೈಲು ಬಂದು ಕೆಂಪು ಮೊಣಕಾಲಿಗೇರಿತು. ನನ್ನಮ್ಮ ಹುಟ್ಟಿದ ಗೇಣನ್ನು ಮೆಲ್ಲಗೆ ಸವರಿದೆ. ಬಣ್ಣ ಇನ್ನೂ ಹಸಿ.

"ಲೇ, ನಮ್ಮತ್ತೇನ ಅಳಿಸ್ಬಿಟ್ಟೀಯ," ಅಂದರು.

ಎಡವಟ್ಟಾದದ್ದು ಅಳತೆಯಲ್ಲಿ. ಗೋಡೆಯನ್ನು ತುದಿಯಿಂದ ತುದಿಗೆ ಅಳೆಯುವಾಗ ಅವರು ಕಡತಗಳ ಕೋಣೆಯ ಬಾಗಿಲನ್ನೂ ಸೇರಿಸಿಬಿಟ್ಟಿದ್ದರು. ಯುದ್ಧದ ನಾಲ್ಕು ವರ್ಷಗಳು ಸರಿಯಾಗಿ ಆ ಬಾಗಿಲ ಮೇಲೆ ಬಂದವು. ಅಲ್ಲೇ ಬರೆದರು.

ಅಧಿಕಾರಿ ಬಂದು ನೋಡಿದರು. "ಬಾಗಿಲಿರೋದು ಓಡಾಡೋಕೆ, ಪೇಂಟ್ರೇ. ಅಳಿಸಿ. ನಾಲ್ಕು ವರ್ಷ ಇಲ್ದಿದ್ರೆ ದೇಶ ಮುಳುಗಲ್ಲ."

"ಮುಳುಗೋಕೆ ಹೋಗಿದ್ದೇ ಆ ನಾಲ್ಕು ವರ್ಷದಲ್ಲಿ, ಸಾರ್."

ಅಧಿಕಾರಿ ನಗಲಿಲ್ಲ. ನಮ್ಮವರು ಒಣಗಿದ ನೀಲಿ ಗೆರೆಯ ಮೇಲೆ ಬೆರಳಿಟ್ಟು ನಡೆದರು. ಕೆಲಸ ನೆಟ್ಟಗಿದೆಯೇ ಎಂದು ಈಗೀಗ ಬೆರಳಿನಿಂದಲೇ ನೋಡುತ್ತಿದ್ದರು. ಅಷ್ಟರಲ್ಲಿ ಒಳಗಿದ್ದ ಗುಮಾಸ್ತೆ ಬಾಗಿಲೆಳೆದಳು. ಯುದ್ಧವೆಲ್ಲ ಒಳಕ್ಕೆ ಸರಿದುಹೋಯಿತು. ಅವರ ಬೆರಳು ಗಾಳಿಯಲ್ಲಿ ತಡವರಿಸಿ ನಿಂತಿತು.

"ಆ ಕಡೆ ಸೊಂಟದ ಮಟ್ಟ ಇದ್ದ ತೆರಿಗೆ ಈ ಕಡೆ ಎದೆ ಮಟ್ಟಕ್ಕೆ ಹೆಂಗೆ ಹಾರ್ತು ಸಾರ್?" ಗುಮಾಸ್ತೆ ಕೇಳಿದಳು.

ಅಧಿಕಾರಿ ಆ ಬೆರಳನ್ನೇ ನೋಡುತ್ತಿದ್ದರು. ತಾವೇ ಬಾಗಿಲು ಮುಚ್ಚಿದರು. ಕೆಂಪು ಗೆರೆ ಬಾಗಿಲ ನೆತ್ತಿ ಮುಟ್ಟಿ ಇಳಿದಿತ್ತು. ಅದರ ಹಿಂದೆ ಹತ್ತಿದ ನೀಲಿ ಪೂರಾ ಇಳಿಯಲು ಮರೆತಿತ್ತು.

"ಯುದ್ಧ ಮುಗಿದ್ಮೇಲೂ ಇಳೀಲಿಲ್ವಾ?" ಗುಮಾಸ್ತೆ ಮತ್ತೆ ಕೇಳಿದಳು.

"ಆಮೇಲೆ ಆಸ್ಪತ್ರೆ ಬಂತು, ಶಾಲೆ ಬಂತು. ಜನಕ್ಕೂ ತೆರಿಗೆ ಕೊಟ್ಟು ರೂಢಿಯಾಗಿತ್ತು," ಅಧಿಕಾರಿ ತಮ್ಮಷ್ಟಕ್ಕೆ ಅಂದರು.

"ಬಂದ ನೆಂಟರು ಹಂಗೇ ಉಳ್ಕೊಂಡ ಹಾಗೆ," ಅಂದೆ ನಾನು.

"ಹೂಂ. ನಾಳೆಯಿಂದ ಹಿಂದಿನ ಬಾಗಿಲಲ್ಲಿ ಓಡಾಡಮ್ಮ," ಎಂದು ಅಧಿಕಾರಿ ಗುಮಾಸ್ತೆಗೆ ಹೇಳಿದರು.

"ಮೈಲಿ ಸುತ್ತಬೇಕಲ್ಲ ಸಾರ್," ಗೊಣಗುತ್ತ ಅವಳು ಹೋದಳು.

ನಮ್ಮವರು ಸ್ಟೂಲು ಹತ್ತಿದರು. ನಾನು ಹಿಡಿದುಕೊಂಡೆ. ಅವರ ಬೆರಳು ಈಗ ಕೆಂಪು ಗೆರೆ ಹಿಡಿದು ಯುದ್ಧವನ್ನೇರಿ, ಮೆಲ್ಲಗೆ ಆಚೆ ಬದಿಗೆ ಇಳಿಯಿತು.