ವೀರನ ಮುಂದೆ ಒಂದೇ ಪ್ರಶ್ನೆ

ಗಡಿಯಲ್ಲಿ ಯುದ್ಧ ಶುರುವಾದಾಗ ಕಮ್ಮರಡಿಯಲ್ಲಿ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವಳು ದೇವಕಿ. ಟಿವಿಯಲ್ಲಿ ಸೈರನ್ ಕೂಗಿದ್ದೇ ತಡ, ಅವಳಿಗೆ ತನ್ನ ಮ್ಯೂಸಿಯಂ ನೆನಪಾಯಿತು. ಮ್ಯೂಸಿಯಂ ಅಂದರೆ ಬಸ್ ನಿಲ್ಲುವ ಜಾಗದ ಹಿಂದಿನ ಒಂದೇ ಕೋಣೆ. ಗೋಡೆಯುದ್ದಕ್ಕೂ ಭತ್ತ ಅಳೆಯುವ ಕೊಳಗ, ತುಕ್ಕು ಹಿಡಿದ ಕತ್ತಿ, ತಾಳೆಗರಿಗಳು. ನಡುವೆ ಎದೆಯೆತ್ತರದ ಒಂದು ವೀರಗಲ್ಲು. ಯಾವ ಕಾಲದಲ್ಲೋ ಊರಿನ ದನಗಳನ್ನು ಬಿಡಿಸಿ ತರಲು ಹೋಗಿ ಸತ್ತವನ ಕಲ್ಲು. ಕೆಳಗೆ ಅವನು ಕಾದಾಡುತ್ತಾನೆ, ಮೇಲೆ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಗದ್ದೆಯ ಬದುವಿನಲ್ಲಿ ಬಿದ್ದಿದ್ದ ಅದನ್ನು ತಂದು ನಿಲ್ಲಿಸಿದವಳು ದೇವಕಿಯೇ. ಆ ಕಲ್ಲೊಂದಿಲ್ಲದಿದ್ದರೆ ತನ್ನದು ಗುಜರಿ ಅಂಗಡಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಕಮ್ಮರಡಿಗೆ ಬರೋ ಬಸ್ಸಿಗೇ ಸರಿಯಾಗಿ ದಾರಿ ಗೊತ್ತಾಗಲ್ಲ ಮೇಡಂ, ಬಾಂಬಿಗೆ ಗೊತ್ತಾಗುತ್ತಾ?" ಎಂದ ಗೂಡ್ಸ್ ಆಟೋದ ಅನ್ವರ್. ಆದರೂ ನಾಲ್ಕು ಆಳು ಕರೆದುಕೊಂಡು ಬಂದ. ಬೇರೆ ದೇಶಗಳಲ್ಲಿ ಯುದ್ಧ ಬಂದಾಗ ಮ್ಯೂಸಿಯಂನವರು ಬೆಲೆಬಾಳುವುದನ್ನೆಲ್ಲ ಹಳ್ಳಿಗಳಿಗೆ ಸಾಗಿಸಿ ಬಚ್ಚಿಡುತ್ತಾರೆಂದು ದೇವಕಿ ಓದಿದ್ದಳು. ಕಮ್ಮರಡಿಯೇ ಹಳ್ಳಿಯಲ್ಲವೇ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಕಲ್ಲು ಸೀತೂರಿನ ವನಜಮ್ಮನ ಕೊಟ್ಟಿಗೆ ಸೇರಿತು. ವನಜಮ್ಮ ದೇವಕಿಗೆ ಚಿಕ್ಕಮ್ಮ. ಅವರ ಒಬ್ಬನೇ ಮಗ ಧರ್ಮೇಶ್ ಸೈನ್ಯದಲ್ಲಿದ್ದ, ಜಮ್ಮು ಕಡೆ. ಕೆತ್ತನೆಗೆ ಪೆಟ್ಟಾಗಬಾರದೆಂದು ದೇವಕಿ ಕಲ್ಲನ್ನು ಮಕಾಡೆ ಮಲಗಿಸಿ, ಮೇಲೆ ಹುಲ್ಲು ಹೊದೆಸಿದಳು.

"ಎಂತ ಮಾರಾಯ್ತಿ ಇದು, ಯುದ್ಧಕ್ಕೆ ಹೋದವನನ್ನ ಮಕಾಡೆ ಮಲಗ್ಸದಾ?" ಎಂದರು ವನಜಮ್ಮ.

"ಕಲ್ಲು ಚಿಕ್ಕಮ್ಮ ಅದು" ಎಂದು ದೇವಕಿ ಹೊರಟುಬಂದಳು. ಆಮೇಲೆ ದಿನವೂ ಫೋನ್ ಮಾಡಿ ಕಲ್ಲಿಗೆ ನೀರು ತಾಗಿಲ್ಲ ತಾನೇ, ದನ ತುಳಿದಿಲ್ಲ ತಾನೇ ಎಂದು ವಿಚಾರಿಸಿದಳು.

ಶನಿವಾರ ಸಂಜೆ ಯುದ್ಧ ನಿಂತಿತು. ಭಾನುವಾರ ಬೆಳಿಗ್ಗೆಯೇ ಅನ್ವರನ ಆಟೋ ಸೀತೂರಿಗೆ ಬಂತು. ನೋಡಿದರೆ ಕಲ್ಲು ಕೊಟ್ಟಿಗೆಯೊಳಗೆ ಇಲ್ಲ. ಅಂಗಳದಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತಿದೆ. ವೀರನಿಗೆ ಮೈತುಂಬ ಎಣ್ಣೆ, ಅರಿಶಿನ, ಕುಂಕುಮ. ಮುಂದೆ ದೀಪ, ಸುತ್ತ ಅರ್ಧ ಊರು. ಅಪ್ಸರೆಯರ ಮೂಗು ಅರಿಶಿನದಲ್ಲಿ ಮುಚ್ಚಿಹೋದದ್ದು ಕಂಡು ದೇವಕಿಗೆ ಅಳುವೇ ಬಂತು.

ಊರಿನ ಹಿರಿಯ ವೀರಪ್ಪ ಮುಂದೆ ಬಂದರು. "ನೀವು ಇವನನ್ನ ತಂದಿದ್ದು ಬುಧವಾರ ಮೇಡಂ. ವನಜಮ್ಮ ಆಳು ಕರೆಸಿ ಎಬ್ಸಿ ನಿಲ್ಸಿದ್ದು ಗುರುವಾರ. ಯುದ್ಧ ನಿಂತಿದ್ದು ಶನಿವಾರ. ಇನ್ನೆಂತ ಬೇಕು?"

"ಅದು ಮ್ಯೂಸಿಯಂದು ವೀರಪ್ಪನವ್ರೇ. ಹೀಗೆ ಎಣ್ಣೆ ಹಚ್ಚಿದ್ರೆ ಕೆತ್ತನೆ ಹಾಳಾಗುತ್ತೆ."

"ಅಲ್ಲಿ ಸುಮ್ಮನೆ ನಿಂತಿದ್ದ. ಇಲ್ಲಿಗೆ ಬಂದು ಕೆಲಸ ಮಾಡಿದಾನೆ."

ವಾದ ಮಧ್ಯಾಹ್ನದವರೆಗೂ ಎಳೆಯಿತು. ಕೊನೆಗೆ ಎಲ್ಲರೂ ಒಪ್ಪಿದ್ದು ಹೂವಿನ ಪ್ರಸಾದಕ್ಕೆ. ಒದ್ದೆ ಹೂವೊಂದನ್ನು ಕಲ್ಲಿನ ನೆತ್ತಿಗೆ ಅಂಟಿಸಿ ಪ್ರಶ್ನೆ ಕೇಳುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. "ಒಂದೇ ಪ್ರಶ್ನೆ. ಮತ್ತೆ ಕೇಳದು ಬರೋ ವರ್ಷವೇ" ಎಂದು ವೀರಪ್ಪ ಕಟ್ಟುನಿಟ್ಟು ಮಾಡಿದರು. ದೇವಕಿಗೆ ಇಂಥದ್ದರಲ್ಲಿ ನಂಬಿಕೆಯಿರಲಿಲ್ಲ. ಆದರೆ ಕಲ್ಲನ್ನು ವಾಪಸ್ ಒಯ್ಯಲು ಬೇರೆ ದಾರಿಯೂ ಇರಲಿಲ್ಲ.

ಹೂ ಇಟ್ಟಾಯಿತು. ಕಲ್ಲನ್ನು ಒಯ್ಯಲೇ ಎಂದು ಕೇಳಲು ದೇವಕಿ ಬಾಯಿ ತೆರೆಯುವಾಗ ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮನ ಕೈ ಕಣ್ಣಿಗೆ ಬಿತ್ತು. ಸೆರಗಿನೊಳಗೆ ಫೋನನ್ನು ಬಿಗಿಯಾಗಿ ಹಿಡಿದಿದ್ದರು.

"ಧರ್ಮೇಶ್ ಫೋನ್ ಮಾಡಿದ್ನಾ ಚಿಕ್ಕಮ್ಮ?" ಎಂದು ದೇವಕಿ ಮೆಲ್ಲಗೆ ಕೇಳಿದಳು.

"ಇಲ್ಲ. ಮಂಗಳವಾರದಿಂದ ಸ್ವಿಚ್ ಆಫ್."

"ಮತ್ತೆ ನೀನೇ ಇವನ ಹತ್ರ ಕೇಳ್ಬಹುದಿತ್ತಲ್ಲ."

"ಎಡಕ್ಕೆ ಬಿದ್ರೆ ಎಂತ ಮಾಡ್ಲಿ?" ಎಂದರು ವನಜಮ್ಮ.

ದೇವಕಿಗೆ ತನ್ನ ಮೇಲೇ ಹೇಸಿಗೆಯಾಯಿತು. ದಿನವೂ ಫೋನ್ ಮಾಡಿ ಕಲ್ಲನ್ನು ವಿಚಾರಿಸಿದ್ದಳು, ಹುಡುಗನನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ಅವಳು ಕಲ್ಲಿನತ್ತ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ಮ ಧರ್ಮೇಶ್ ಕ್ಷೇಮವಾಗಿದ್ದಾನಾ? ಹೇಳಪ್ಪ."

ಹೂ ಅಲುಗಲಿಲ್ಲ. ಎಣ್ಣೆಗೆ ಅಂಟಿಕೊಂಡಿದೆಯೋ ಏನೋ. ಯಾರೋ ಕೆಮ್ಮಿದರು. ನಂಬಿಕೆಯಿಲ್ಲದ ದೇವಕಿ ಕಣ್ಣು ಮುಚ್ಚಿ, ಬಲಕ್ಕೆ ಬೀಳು ಮಾರಾಯ, ಬಲಕ್ಕೆ ಬೀಳು ಎಂದು ಮನಸ್ಸಿನಲ್ಲೇ ಗೋಗರೆದಳು. ಕಣ್ಣು ತೆರೆದಾಗ ವನಜಮ್ಮ ನೆಲದಲ್ಲಿ ಕುಳಿತು, ಬಲಗಡೆ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ಅಳುತ್ತಿದ್ದರು.

ವೀರಪ್ಪ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಕಲ್ಲಿನ ವಿಷಯ..."

"ಬರೋ ವರ್ಷ ಕೇಳ್ತೀನಿ" ಎಂದಳು ದೇವಕಿ.

ಖಾಲಿ ಆಟೋ ಕಮ್ಮರಡಿಗೆ ವಾಪಸಾಯಿತು. ದಾರಿಯಲ್ಲಿ ಅನ್ವರ್, "ಒಳ್ಳೇದೇ ಕೇಳಿದ್ರಿ ಬಿಡಿ ಮೇಡಂ" ಎಂದ.

ಮರುದಿನ ಮಧ್ಯಾಹ್ನ ಅವಳು ಕೋಣೆಯ ನಡುವಿನ ಖಾಲಿ ಜಾಗ ಗುಡಿಸುತ್ತಿದ್ದಾಗ ಚಿಕ್ಕಮ್ಮನ ಫೋನ್ ಬಂತು.

"ಮಾತಾಡ್ದ ಮಾರಾಯ್ತಿ. ಎಲ್ಲರ ಫೋನೂ ತೆಗ್ದಿಟ್ಕೊಂಡಿದ್ರಂತೆ. ಊಟ ಆಯ್ತಂತೆ."

ದೇವಕಿ ಪೊರಕೆ ಕೆಳಗಿಟ್ಟು ಅಲ್ಲೇ ಕುಳಿತಳು. ಏನು ಊಟ, ನಿದ್ದೆ ಮಾಡುತ್ತಾನಂತಾ, ರಜೆ ಯಾವಾಗ ಎಂದೆಲ್ಲ ಕೇಳಿದಳು. ಕಲ್ಲಿನ ಸುದ್ದಿಯನ್ನು ಎತ್ತಲೇ ಇಲ್ಲ.