ಮುಂದಕ್ಕೆ ಹಾಕುವ ಮಾತ್ರೆ

ಡಾಕ್ಟರ್ ನಿರಂಜನ ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ಏರುದನಿಯಲ್ಲಿ ಮಾತಾಡಿದವನೂ ಅಲ್ಲ. ಸವಳಂಗ ರಸ್ತೆಯ ಅವನ ಕ್ಲಿನಿಕ್ಕಿಗೆ ಬಂದ ಹೆಂಗಸರೆಲ್ಲ ದೇವರಂಥ ಮನುಷ್ಯ ಎಂದು ಹೊಗಳಿಕೊಂಡು ಹೋಗುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಯಾರಾದರೂ ಅಂದಿದ್ದರೆ ಅವನ ಹೆಂಡತಿ ಶ್ರೀಗೌರಿಯೇ ಮೊದಲು ಜಗಳಕ್ಕೆ ನಿಲ್ಲುತ್ತಿದ್ದಳು. ಅಷ್ಟು ನಂಬಿದ್ದಳು ಪಾಪ, ಗಂಡನನ್ನು.

ಅವಳಿಗಿದ್ದದ್ದು ದದ್ದಿನ ಕಾಯಿಲೆ. ಹಬ್ಬ ಹುಣ್ಣಿಮೆ ಬಂತೆಂದರೆ ಸಾಕು, ತೋಳು, ಕುತ್ತಿಗೆ, ತೊಡೆಯೆಲ್ಲ ಕೆಂಪಗೆ ಉಬ್ಬಿ, ತುಟಿ ಊದಿಕೊಳ್ಳುತ್ತಿತ್ತು. ಹಬ್ಬದ ಅಡಿಗೆಯಲ್ಲಿ ಯಾವುದೋ ಪದಾರ್ಥ ಮೈಗೆ ಆಗಿಬರುತ್ತಿಲ್ಲ, ಇದು ಆಹಾರದ ಅಲರ್ಜಿ ಎಂದು ನಿರಂಜನ ಒಂದೊಂದನ್ನೇ ಬಿಡಿಸುತ್ತ ಬಂದ. ಮೊದಲು ಬದನೆಕಾಯಿ ಹೋಯಿತು. ಆಮೇಲೆ ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ, ಕೊನೆಗೆ ತೆಂಗಿನಕಾಯಿಯೂ ಹೋಯಿತು. ತೆಂಗಿನಕಾಯಿ ಇಲ್ಲದ ಮೇಲೆ ನಮ್ಮ ಕಡೆ ಊಟ ಅನ್ನುವುದು ಏನು ಉಳಿಯುತ್ತದೆ? ಮನೆಮಂದಿಗೆಲ್ಲ ಹೋಳಿಗೆ ತಟ್ಟಿ ಬಡಿಸಿದವಳು ತಾನು ಮಾತ್ರ ಉಪ್ಪು ಹಾಕಿದ ಗಂಜಿ ಕುಡಿದು ಏಳುತ್ತಿದ್ದಳು. ವರ್ಷಗಟ್ಟಲೆ ಗಂಜಿ ಕುಡಿದು ಅವಳ ಕೈಬಳೆಗಳು ಮೊಣಕೈವರೆಗೂ ಜಾರುವಂತಾಗಿದ್ದವು.

ಹೊಸಮನೆ ಬಡಾವಣೆಯ ಆ ಮನೆಯಲ್ಲಿ ಮಡಿ ಅಂದರೆ ಮಡಿ. ಅತ್ತೆಗೆ ಮಂಡಿನೋವು, ಒಲೆಯ ಮುಂದೆ ನಿಲ್ಲಲಾರರು. ಹೊರಗಿನವರ ಕೈಯಡಿಗೆ ಅವರ ಗಂಟಲಲ್ಲಿ ಇಳಿಯದು. ಹೀಗಾಗಿ ವ್ರತವಿರಲಿ, ಪೂಜೆಯಿರಲಿ, ತೀರಿಕೊಂಡ ಮಾವನವರ ತಿಥಿಯಿರಲಿ, ಆ ದಿನ ಸೊಸೆ ಮುಟ್ಟಾಗಿ ಮೂಲೆ ಹಿಡಿಯುವಂತಿಲ್ಲ. ಅತ್ತೆ ಪಂಚಾಂಗ ನೋಡಿ ಹೇಳುವರು, ಮಗ ಕ್ಲಿನಿಕ್ಕಿನಿಂದ ಮುಂದಕ್ಕೆ ಹಾಕುವ ಮಾತ್ರೆ ತರುವನು, ಸೊಸೆ ನುಂಗುವಳು. ಇದೇನು ಊರಿಗೆ ಹೊಸತಲ್ಲ, ಅರ್ಧ ಊರಿನ ದೇವರುಗಳು ಆ ಮಾತ್ರೆಯ ಬಲದಿಂದಲೇ ನೈವೇದ್ಯ ಉಣ್ಣುತ್ತಿವೆ. ಹಬ್ಬ, ಮಾತ್ರೆ, ಹೋಳಿಗೆ, ದದ್ದು ಎಲ್ಲ ಒಟ್ಟೊಟ್ಟಿಗೇ ಬರುತ್ತಿದ್ದಾಗ ಎಲ್ಲರೂ ದೂರಿದ್ದು ಹೋಳಿಗೆಯನ್ನು. ಮಾತ್ರೆಯ ಮೇಲೆ ಶ್ರೀಗೌರಿಗೆ ಅನುಮಾನವೇ ಬರಲಿಲ್ಲ. ಕೊಟ್ಟವನು ಗಂಡ, ಅದರಲ್ಲೂ ಡಾಕ್ಟರು.

ಈ ಸಲ ಮಾಘದ ರಥಸಪ್ತಮಿಗೆ ಆದದ್ದು ಮಾತ್ರ ಜೀವ ಹೋಗಿ ಬಂದಂಥದ್ದು. ಊಟಕ್ಕೆ ಜನ ಬರುತ್ತಾರೆ ಎಂದು ನಿರಂಜನ ಮಾತ್ರೆ ಕೊಟ್ಟಿದ್ದ. ಅಂದು ಅವಳಿಗೆ ಗಂಜಿಯೂ ಬೇಡ, ಬರೀ ನೀರು ಕುಡಿ ಎಂದಿದ್ದ. ಊಟಕ್ಕೆ ಯಾರೂ ಬರಲಿಲ್ಲ. ಮಧ್ಯಾಹ್ನಕ್ಕೆ ದದ್ದು ಎದ್ದವು, ಸಂಜೆಗೆ ಗಂಟಲು ಕಟ್ಟಿ ಉಸಿರು ಸಿಳ್ಳೆ ಹಾಕತೊಡಗಿತು. ನಿರಂಜನ ಅವತ್ತು ಕ್ಲಿನಿಕ್ಕಿಗೇ ಹೋಗಿರಲಿಲ್ಲ. ಪಕ್ಕದಲ್ಲೇ ಕುಳಿತು ನಾಡಿ ನೋಡಿದ, ಆಗಾಗ ಫೋನಿನಲ್ಲಿ ಫೋಟೋ ತೆಗೆದ, "ಹೆದರ್ಕೋಬೇಡ, ನಾನಿದೀನಲ್ಲ" ಎಂದ, ಕೊನೆಗೆ ಇಂಜೆಕ್ಷನ್ ಚುಚ್ಚಿದ. ಮದುವೆಯಾದ ಮೇಲೆ ಗಂಡ ಇಡೀ ಒಂದು ದಿನ ಅವಳ ಪಕ್ಕ ಕುಳಿತದ್ದು ಅದೇ ಮೊದಲು. ಉಸಿರಿಗೆ ಒದ್ದಾಡುತ್ತಲೇ ಶ್ರೀಗೌರಿಗೆ ಸಂತೋಷವಾಗಿತ್ತು. ಆ ಸಂತೋಷವನ್ನು ಅವಳು ಆಮೇಲೆ ಎಷ್ಟೋ ದಿನ ಒಬ್ಬಳೇ ನೆನೆನೆನೆದು ಅನುಭವಿಸಿದಳು.

"ಫಾಲ್ಗುಣದಲ್ಲಿ ಕಾನ್ಫರೆನ್ಸ್ ಇದೆ, ಅದೊಂದು ಮುಗೀಲಿ. ನಿನ್ನ ಕಾಯಿಲೆಗೆ ಒಂದು ಗತಿ ಕಾಣಿಸ್ತೀನಿ" ಎಂದು ನಿರಂಜನ ಹೇಳಿದ್ದ. ಅವಳು ಮಕ್ಕಳು ಜಾತ್ರೆಗೆ ಕಾಯುವ ಹಾಗೆ ಆ ಕಾನ್ಫರೆನ್ಸಿಗೆ ಕಾದಳು. ಇನ್ನೊಂದು ಸಲ ಹಾಗೆ ಗಂಟಲು ಕಟ್ಟಿದರೆ ತಾನು ಉಳಿಯುವುದಿಲ್ಲ ಎಂಬುದು ಅವಳಿಗೆ ಒಳಗೊಳಗೇ ಗೊತ್ತಾಗಿಹೋಗಿತ್ತು.

ಆಹಾರದ ಅಲರ್ಜಿ ಮತ್ತು ಮಹಿಳೆಯರ ಹಾರ್ಮೋನ್ ಆರೋಗ್ಯ ಎಂಬುದು ಕಾನ್ಫರೆನ್ಸಿನ ವಿಷಯ. ಊರಿನ ದೊಡ್ಡ ಹೋಟೆಲಿನ ಸಭಾಂಗಣ, ಸುತ್ತಲ ಜಿಲ್ಲೆಗಳ ಡಾಕ್ಟರುಗಳು, ಎಲ್ಲರ ಕೊರಳಲ್ಲೂ ಬಿಲ್ಲೆ, ಕೈಯಲ್ಲಿ ಔಷಧ ಕಂಪನಿಯವರು ಕೊಟ್ಟ ಚೀಲ. ಪ್ರಾರ್ಥನೆ ಹಾಡಿದವಳು ಶ್ರೀಗೌರಿಯೇ. ಹಾಡು ಮುಗಿಸಿ ಎರಡನೇ ಸಾಲಿನಲ್ಲಿ ಬಂದು ಕುಳಿತಳು. ಕೈಮೇಲಿನ ಕಲೆಗಳು ಕಾಣದಿರಲೆಂದು ಉದ್ದ ತೋಳಿನ ರವಿಕೆ ತೊಟ್ಟಿದ್ದಳು.

ನಿರಂಜನನ ಸರದಿ ಬಂತು. ಇಂಗ್ಲಿಷಿನಲ್ಲಿ ಶುರು ಮಾಡಿದ. ಮೂವತ್ತು ದಾಟಿದ ಗೃಹಿಣಿ, ಮೂಢನಂಬಿಕೆಯ ಕುಟುಂಬ, ಹಬ್ಬಗಳಿಗಾಗಿ ಮುಟ್ಟು ಮುಂದೂಡುವ ಹಾರ್ಮೋನ್ ಮಾತ್ರೆಗಳನ್ನು ತಾನಾಗಿಯೇ ನುಂಗುವ ಚಟ, ಎಂದ. ಪಾಪ, ಎಂಥ ಹೆಂಗಸೋ ಎಂದುಕೊಂಡಳು ಎಂ.ಎ. ಮಾಡಿದ್ದ ಶ್ರೀಗೌರಿ. ಎಷ್ಟು ಪಥ್ಯ ಮಾಡಿದರೂ ದದ್ದು ನಿಲ್ಲದಿದ್ದಾಗ ಇದು ಆಹಾರದ ಅಲರ್ಜಿಯಲ್ಲ, ಆ ಮಾತ್ರೆಗೇ ಬರುವ ಅಪರೂಪದ ಅಲರ್ಜಿ ಎಂದು ತನಗೆ ಅನುಮಾನ ಬಂತು, ಎಂದ ನಿರಂಜನ. ಅನುಮಾನ ಇದ್ದರೆ ಸಾಲದು, ಸಾಬೀತಾಗಬೇಕು. ಅದಕ್ಕಾಗಿ ಪೇಷೆಂಟನ್ನು ಉಪವಾಸವಿಟ್ಟು, ಅದೇ ಮಾತ್ರೆಯನ್ನು ಮತ್ತೊಮ್ಮೆ ಕೊಟ್ಟು ನೋಡಲಾಯಿತು.

ಪರದೆಯ ಮೇಲೆ ಫೋಟೋ ಮೂಡಿತು. ಊದಿದ ಮುಖ, ಕಣ್ಣಿಗೆ ಕಪ್ಪು ಪಟ್ಟಿ. ಹಿಂದೆ ಒಂದು ಹಳದಿ ಗೋಡೆ, ಗೋಡೆಗೆ ಒರಗಿಸಿದ ಮಡಿಕೋಲು, ಅದರ ತುದಿಗೆ ಅತ್ತೆ ಸುತ್ತಿದ ಕೆಂಪು ದಾರ. ಕಣ್ಣು ಮುಚ್ಚಿದವನು ಗೋಡೆಯನ್ನು ಮುಚ್ಚುವುದು ಮರೆತಿದ್ದ. ಮುಂದಿನ ಫೋಟೋದಲ್ಲಿ ತುಟಿ ಇನ್ನಷ್ಟು ಊದಿತ್ತು, ಅದರ ಮುಂದಿನದರಲ್ಲಿ ಬಾಯಿ ತೆರೆದಿತ್ತು. ಗಂಡ ಪಕ್ಕದಲ್ಲಿ ಕುಳಿತ ಆ ಇಡೀ ದಿನ ಸಾಲಾಗಿ ಗೋಡೆಯಗಲ ಬಂದು ಹೋಯಿತು. ಶ್ರೀಗೌರಿಗೆ ನಾಚಿಕೆಯಾಯಿತು. ಊದಿದ ಮುಖಕ್ಕಲ್ಲ, ಅವತ್ತು ತಾನು ಪಟ್ಟ ಸಂತೋಷಕ್ಕೆ.

"ಇನ್ನೊಮ್ಮೆ ಈ ಮಾತ್ರೆ ಕೊಟ್ಟರೆ ಜೀವಕ್ಕೇ ಅಪಾಯವಾಗಬಹುದು" ಎಂದು ನಿರಂಜನ ಗಂಭೀರವಾಗಿ ಮುಗಿಸಿದ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ಈಗಷ್ಟೇ ಓದು ಮುಗಿಸಿದ ಡಾಕ್ಟರಿರಬೇಕು, ಎದ್ದು ನಿಂತು ಕೇಳಿದಳು. "ಸರ್, ಮತ್ತೆ ಮಾತ್ರೆ ಕೊಡುವಾಗ ಪೇಷೆಂಟ್ ಒಪ್ಪಿಗೆ ತಗೊಂಡಿದ್ರಾ?"

ನಿರಂಜನ ನಕ್ಕ. "ಒಪ್ಪಿಗೆ ಏನು ಬಂತು, ಪೇಷೆಂಟ್ ಇಲ್ಲೇ ಕೂತಿದಾರೆ. ನಮ್ಮ ಮನೆಯವರೇ. ತುಂಬಾ ಕೋಆಪರೇಟಿವ್ ಪೇಷೆಂಟ್."

ಸಭೆಯೆಲ್ಲ ನಕ್ಕಿತು. ಅಧ್ಯಕ್ಷತೆ ವಹಿಸಿದ್ದ ಡಾಕ್ಟರ್ ಶರಾವತಿ ಮೈಕು ಹಿಡಿದು, "ಅಯ್ಯೋ, ಬೆಳಿಗ್ಗೆ ಅಷ್ಟು ಚೆನ್ನಾಗಿ ಹಾಡಿದ್ರಲ್ಲ, ಅವರೇನಾ? ಎದ್ನಿಂತ್ಕೊಳಿಮ್ಮಾ, ಎಲ್ಲರೂ ನೋಡ್ಲಿ. ವಿಜ್ಞಾನಕ್ಕೆ ಇಂಥ ಹೆಣ್ಮಕ್ಕಳು ಬೇಕು" ಎಂದರು. ಶ್ರೀಗೌರಿ ಎದ್ದಳು. ನನ್ನನ್ನು ಕೇಳಿರಲಿಲ್ಲ ಎಂದು ಹೇಳಲಿಕ್ಕೇ ಎದ್ದದ್ದು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ಕೈ ಮುಗಿಯಬೇಕು ಎಂದು ಚಿಕ್ಕಂದಿನಿಂದ ಕಲಿಸಿದ್ದರಲ್ಲ, ಕೈ ತಾನಾಗಿ ಮೇಲೆದ್ದು ಮುಗಿದುಕೊಂಡಿತು. ಪ್ರಶ್ನೆ ಕೇಳಿದ ಹುಡುಗಿ ಕುಳಿತುಬಿಟ್ಟಳು. ಕೇಸಿಗೆ ಮೊದಲ ಬಹುಮಾನ ಬಂತು, ನಿರಂಜನನಿಗೆ ಶಾಲು ಹೊದಿಸಿದರು.

ಊಟದ ಕೋಣೆಯಲ್ಲಿ ನಿರಂಜನ ತಾನೇ ಅವಳ ತಟ್ಟೆಗೆ ಹೋಳಿಗೆ ಹಾಕಿದ. "ಇನ್ಮೇಲೆ ಎಲ್ಲಾ ತಿನ್ನು. ನಿಂಗೆ ಯಾವ ಊಟದ ಅಲರ್ಜೀನೂ ಇಲ್ಲ. ಹೇಳಿದ್ನಲ್ಲ, ಗತಿ ಕಾಣಿಸ್ತೀನಿ ಅಂತ."

"ಇಷ್ಟ್ ದಿನ ಯಾಕೆ ಹೇಳ್ಲಿಲ್ಲ?"

"ಪೇಪರ್ ಓದೋವರೆಗೂ ಪಥ್ಯ ಬದಲಾಯ್ಸೋ ಹಾಗಿರ್ಲಿಲ್ಲ ಮಾರಾಯ್ತಿ."

"ಅವತ್ತು ನಾನು ಸತ್ತಿದ್ರೆ?"

"ಹೆಂಗ್ ಸಾಯ್ತೀಯ? ಇಂಜೆಕ್ಷನ್ ಇಟ್ಕೊಂಡು ಪಕ್ಕದಲ್ಲೇ ಕೂತಿದ್ನಲ್ಲ." ಅವನಿಗೆ ನಿಜವಾಗಿಯೂ ಬೇಸರವಾದಂತಿತ್ತು. ಅಷ್ಟು ಮಾಡಿದ್ದಕ್ಕೆ ಇದೇನು ಮಾತು ಎಂಬಂತೆ ಅವಳನ್ನು ನೋಡಿದ. ಆಮೇಲೆ ದನಿ ತಗ್ಗಿಸಿ, "ನೋಡು, ನಾಡಿದ್ದು ಗುರುವಾರ ಅಪ್ಪನ ತಿಥಿ. ನಿನ್ನ ಡೇಟೂ ಅವತ್ತೇ ಬರುತ್ತೆ ಅಂತಾಳೆ ಅಮ್ಮ. ಇದೊಂದ್ ಸಲ ತಗೊಂಡ್ಬಿಡು. ಮೊದಲೇ ಇಂಜೆಕ್ಷನ್ ಕೊಟ್ಟಿರ್ತೀನಿ, ಏನೂ ಆಗಲ್ಲ. ಅಮ್ಮಂಗೆ ಹೊರಗಿನವರ ಅಡಿಗೆ ಆಗಲ್ಲ, ಗೊತ್ತಲ್ಲ" ಎಂದ. ಯಾರೋ ಅಭಿನಂದಿಸಲು ಬಂದರು, ಅತ್ತ ತಿರುಗಿದ. ಶ್ರೀಗೌರಿ ಹೋಳಿಗೆಯ ತಟ್ಟೆಯನ್ನು ಹಾಗೆಯೇ ಮೇಜಿನ ಮೇಲಿಟ್ಟು ಹೊರಗೆ ಬಂದು, ಆಟೋ ಹತ್ತಿ, ಬಸ್‌ಸ್ಟ್ಯಾಂಡಿನಲ್ಲಿ ಭದ್ರಾವತಿಯ ಬಸ್ಸಿನಲ್ಲಿ ಕುಳಿತಳು.

ತಾಯಿ ವಿಮಲಮ್ಮನ ಮನೆ ಜನ್ನಾಪುರದಲ್ಲಿ. ಫ್ಯಾಕ್ಟರಿಯಲ್ಲಿ ಆಫೀಸರಾಗಿದ್ದ ಗಂಡ ಹೋದಮೇಲೆ ಒಬ್ಬರೇ ಇದ್ದರು. ಮಗಳು ಬಾಗಿಲಲ್ಲೇ ಕುಸಿದು ಎಲ್ಲ ಹೇಳಿದಾಗ ವಿಮಲಮ್ಮ ಸೆರಗಿಗೆ ಕಣ್ಣೊರೆಸಿಕೊಂಡು ಅತ್ತರು. "ಕಟುಕ್ರು ಕಣೇ, ಕಟುಕ್ರು" ಎಂದರು. ಕೈಹಿಡಿದು ಅಡಿಗೆಮನೆಗೆ ಕರೆದೊಯ್ದು ತಮ್ಮ ಪಕ್ಕದಲ್ಲೇ ಮಣೆ ಹಾಕಿ ಕೂರಿಸಿದರು. ಬದನೆಕಾಯಿ ಹುಳಿ, ಕಾಯಿಚಟ್ನಿ, ಗಟ್ಟಿಮೊಸರು. ಶ್ರೀಗೌರಿ ಬರಗೆಟ್ಟವಳ ಹಾಗೆ ಉಂಡಳು, ಬೆರಳು ನೆಕ್ಕಿ ಉಂಡಳು. ತಾಯಿ ಅವಳ ಬೆನ್ನು ಸವರುತ್ತ ಕುಳಿತಿದ್ದರು. ಮೈಗೆ ಒಂದು ಗುಳ್ಳೆಯೂ ಏಳಲಿಲ್ಲ. ಇನ್ನು ನಾನು ಆ ಮನೆಗೆ ಹೋಗುವುದಿಲ್ಲ ಎಂದು ಹೇಳಬೇಕೆಂದು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ವಿಮಲಮ್ಮ ಕೇಳಿದರು. "ಅದೆಲ್ಲಾ ಸರಿ, ಗುರುವಾರದ ತಿಥಿಗೆ ಏನ್ ಮಾಡ್ತೀಯೇ?"

"ಅಮ್ಮಾ, ಆ ಮಾತ್ರೆ ತಗೊಂಡ್ರೆ ಸಾಯ್ತೀನಿ ಅಂತ ಅವ್ರೇ ಸ್ಟೇಜ್ ಮೇಲೆ ಹೇಳಿದಾರೆ."

"ಇಂಜೆಕ್ಷನ್ ಕೊಡ್ತೀನಿ ಅಂದಿದಾರಂತಲ್ಲ? ಡಾಕ್ಟ್ರು ಅವ್ರು, ಹೆಂಡ್ತೀನ ಸಾಯೋಕೆ ಬಿಡ್ತಾರಾ? ಪಿತೃಕಾರ್ಯ ಕಣೇ, ಅದು ತಪ್ಪಿದ್ರೆ ವಂಶಕ್ಕೇ ಒಳ್ಳೇದಲ್ಲ. ಅರ್ಧ ಮಾತ್ರೆ ತಗೋ. ಇದೊಂದ್ ಸಲ ಆಗ್ಲಿ, ಆಮೇಲೆ ನಾನೇ ಬಂದು ನಿಮ್ಮತ್ತೆ ಹತ್ರ ಮಾತಾಡ್ತೀನಿ."

ಬೆನ್ನ ಮೇಲೆ ತಾಯಿಯ ಕೈ ಆಡುತ್ತಲೇ ಇತ್ತು. ಈ ಕೈಯೇ ನಾಳೆ ನೀರಿನ ಲೋಟ ಹಿಡಿದು ನಿಲ್ಲುತ್ತದೆ ಎಂದು ಶ್ರೀಗೌರಿಗೆ ತಿಳಿಯಿತು. ಅಳು ಬರಲಿಲ್ಲ. ಸಾಯುತ್ತೇನೆ ಎಂದರೆ ಇವರು ಯಾರೂ ಕೇಳುವುದಿಲ್ಲ. ಇವರು ಕೇಳುವ ಮಾತು ಒಂದೇ ಒಂದು ಇದೆ.

"ಬೇಡ ಬಿಡಮ್ಮ. ನಾನು ಬಸ್ಸಲ್ಲೇ ಮುಟ್ಟಾದೆ" ಎಂದಳು. ಅದು ಸುಳ್ಳು.

ಬೆನ್ನ ಮೇಲಿನ ಕೈ ಬಿಸಿ ತವೆ ಮುಟ್ಟಿದಂತೆ ಹಿಂದೆ ಸರಿಯಿತು. "ಅಯ್ಯೋ ಪಾಪೀ! ಒಳಗ್ ಬರೋ ಮುಂಚೆ ಹೇಳ್ಬಾರ್ದಾ? ದೇವರ ದೀಪ ಉರೀತಿದೆ, ಉಪ್ಪಿನಕಾಯಿ ಭರಣಿ ಪಕ್ಕದಲ್ಲೇ ಕೂತಿದೀಯಲ್ಲೇ!" ಹುಳಿ, ಚಟ್ನಿ, ಮೊಸರು ಎಲ್ಲ ಹಿತ್ತಿಲಿಗೆ ಹೋದವು. ವಿಮಲಮ್ಮ ಸ್ನಾನಕ್ಕೆ ಹೋದರು. ಮಗಳಿಗೆ ಪಕ್ಕದ ಕೋಣೆಯಲ್ಲಿ ಚಾಪೆ ಬಿತ್ತು, ನೀರಿನ ಚೊಂಬನ್ನು ಹೊಸ್ತಿಲಾಚೆಯಿಂದ ದೂಡಿದರು.

ಸಂಜೆಗೆ ನಿರಂಜನನ ಫೋನು ಬಂತು. ವಿಮಲಮ್ಮ ಮೆಲ್ಲಗೆ, ತಪ್ಪು ತಮ್ಮದೇ ಎಂಬಂತೆ, ವಿಷಯ ತಿಳಿಸಿದರು. ಆ ಕಡೆಯಿಂದ ಅವನು ಹೇಳಿದ್ದು ಕೋಣೆಗೂ ಕೇಳಿಸಿತು. "ಹೌದಾ? ಹಾಗಾದ್ರೆ ಬಿಡಿ, ಏನ್ ಮಾಡೋಕಾಗುತ್ತೆ. ಕೋಟೆ ರಸ್ತೆ ರಾಮಯ್ಯ ಇದಾರಲ್ಲ, ಮಡಿಯಲ್ಲಿ ಅಡಿಗೆ ಮಾಡ್ಕೊಡ್ತಾರೆ. ಅವರಿಗೇ ಹೇಳ್ತೀನಿ. ಅಮ್ಮ ಒಂದಿನ ಅಡ್ಜಸ್ಟ್ ಮಾಡ್ಕೋತಾಳೆ."

ಒಂದು ಫೋನು. ಇಷ್ಟು ವರ್ಷದ ಮಾತ್ರೆ, ಗಂಜಿ, ಕಟ್ಟಿದ ಗಂಟಲು, ಎಲ್ಲ ಒಂದು ಫೋನಿನ ಮಾತಾಗಿತ್ತು. ಶ್ರೀಗೌರಿ ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತು ಅದನ್ನು ಕೇಳಿದಳು.

ಸ್ವಲ್ಪ ಹೊತ್ತಿಗೆ ವಿಮಲಮ್ಮ ಫೋನು ಹಿಡಿದು ಹೊಸ್ತಿಲಿನಾಚೆ ಬಂದು ನಿಂತರು, ಒಳಗೆ ಕಾಲಿಡಲಿಲ್ಲ. "ಕೈ ತೋರ್ಸೇ. ಫೋಟೋ ಕಳ್ಸಿ ಅಂದ್ರು ಅಳಿಯಂದ್ರು. ಮಾತ್ರೆ ಇಲ್ದೆ ತಾನಾಗೇ ಮುಟ್ಟಾದಾಗ ದದ್ದು ಬರುತ್ತೋ ಇಲ್ವೋ ನೋಡ್ಬೇಕಂತೆ. ಮುಂದಿನ ಸಲದ ಕಾನ್ಫರೆನ್ಸಿಗಂತೆ."

ಶ್ರೀಗೌರಿ ಉದ್ದ ತೋಳನ್ನು ಮೊಣಕೈವರೆಗೆ ಮಡಿಸಿ, ಆಗದ ಮುಟ್ಟಿನ ಆ ಕೈಯನ್ನು ಮುಂದೆ ಚಾಚಿದಳು. ವಿಮಲಮ್ಮ ದೂರದಿಂದಲೇ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ, "ಹಳೇ ಕಲೆ ಬಿಟ್ರೆ ಏನೂ ಇಲ್ವಲ್ಲೇ" ಎಂದರು ತುಸು ನಿರಾಸೆಯಿಂದ.

"ಇಲ್ಲ ಅಂತಾನೇ ಬರ್ಕೊಳೋಕೆ ಹೇಳು" ಎಂದು ಶ್ರೀಗೌರಿ ಇನ್ನೊಂದು ಕೈಯನ್ನೂ ಬೆಳಕಿಗೆ ಹಿಡಿದಳು. "ಇದನ್ನೂ ತೆಗಿಯಮ್ಮ. ಅವ್ರಿಗೆ ಒಂದು ಫೋಟೋ ಸಾಲಲ್ಲ."